ಮಾತ್ರೆ, ಸ್ಟೆಂಟ್, ಬೈಪಾಸ್: ಹೃದಯದ ಬ್ಲಾಕಿಗೆ ದಾರಿ ಆರಿಸಿಕೊಳ್ಳುವ ಮುನ್ನ

ಆಂಜಿಯೋಗ್ರಾಂ ಕೊಠಡಿಯ ಹೊರಗೆ ಕಾದವರಿಗೆಲ್ಲ ಆ ಹತ್ತು ನಿಮಿಷಗಳ ನೆನಪು ಇರುತ್ತದೆ. ರೋಗಿ ಇನ್ನೂ ಒಳಗೆ ಮೇಜಿನ ಮೇಲೇ ಮಲಗಿರುವಾಗ ವೈದ್ಯರು ಬಂದು, ಮನೆಯವರಲ್ಲಿ ಒಬ್ಬರನ್ನು ಕರೆದು, ಪರದೆಯ ಮೇಲೆ ಕಪ್ಪು ಬಳ್ಳಿಯಂತೆ ಹಬ್ಬಿದ ರಕ್ತನಾಳಗಳನ್ನು ತೋರಿಸಿ, ಇಲ್ಲಿ ತೊಂಬತ್ತು ಪರ್ಸೆಂಟ್, ಅಲ್ಲಿ ಎಂಬತ್ತು, ಈಗಲೇ ಸ್ಟೆಂಟ್ (ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಹಾಕಿಬಿಡೋಣವೇ ಅಥವಾ ಬೈಪಾಸ್ ಬಗ್ಗೆ ಯೋಚಿಸುತ್ತೀರಾ ಎಂದು ಕೇಳುತ್ತಾರೆ. ಕೆಲವು ವರ್ಷಗಳ ಹಿಂದೆ ನನ್ನ ಸೋದರಮಾವನಿಗಾಗಿ ಆ ಪರದೆಯ ಮುಂದೆ ನಿಂತಾಗ ನನಗೆ ಹೊಳೆದದ್ದು ಒಂದೇ ಪ್ರಶ್ನೆ: "ಯಾವುದು ಸೇಫ್, ಡಾಕ್ಟ್ರೇ?" ಅವರು ಒಂದು ಕ್ಷಣ ಸುಮ್ಮನಿದ್ದು, "ಈ ವಾರಕ್ಕೋ, ಹತ್ತು ವರ್ಷಕ್ಕೋ?" ಎಂದು ತಿರುಗಿ ಕೇಳಿದರು. ಅಂದಿನಿಂದ ಈ ವಿಷಯದಲ್ಲಿ ಓದಿದ್ದೆಲ್ಲವನ್ನೂ ನಾನು ಆ ಮರುಪ್ರಶ್ನೆಯ ಮೂಲಕವೇ ನೋಡುತ್ತ ಬಂದಿದ್ದೇನೆ.

ಮೊದಲೇ ಒಂದು ಮಾತು ಸ್ಪಷ್ಟಪಡಿಸಬೇಕು. ಎದೆಯುರಿ, ಬೆವರು, ಎಡಗೈ ಸೆಳೆತದೊಂದಿಗೆ ಹೃದಯಾಘಾತವಾಗಿ ರಕ್ತನಾಳ ಪೂರ್ತಿ ಮುಚ್ಚಿಹೋಗಿರುವಾಗ ಹೋಲಿಕೆ ಮಾಡುತ್ತ ಕೂರುವ ಹೊತ್ತು ಇರುವುದಿಲ್ಲ. ಆಗ ಹತ್ತಿರದ ಆಸ್ಪತ್ರೆಗೆ ಧಾವಿಸಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನೋ ಬಲೂನು, ಸ್ಟೆಂಟುಗಳಿಂದ ರಕ್ತನಾಳ ತೆರೆಯುವ ತುರ್ತು ಆಂಜಿಯೋಪ್ಲಾಸ್ಟಿಯನ್ನೋ ಪಡೆಯುವುದೇ ದಾರಿ. ಇಲ್ಲಿ ಬರೆದಿರುವುದು ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗಿ, ಟಿಎಂಟಿ (ಓಡುವ ಪಟ್ಟಿಯ ಮೇಲೆ ನಡೆಸಿ ನೋಡುವ ಪರೀಕ್ಷೆ), ಎಕೋ (ಹೃದಯದ ಸ್ಕ್ಯಾನ್), ಆಂಜಿಯೋಗ್ರಾಂಗಳನ್ನೆಲ್ಲ ಮುಗಿಸಿ, ಕೈಯಲ್ಲಿ ಸಿಡಿ ಹಿಡಿದು ಮನೆಗೆ ಬಂದವರಿಗಾಗಿ. ಅವರಿಗೆ ಸಾಮಾನ್ಯವಾಗಿ ಕೆಲವು ದಿನಗಳ, ಎಷ್ಟೋ ಸಲ ಕೆಲವು ವಾರಗಳ ಕಾಲಾವಕಾಶ ಇರುತ್ತದೆ. ಎಷ್ಟು ದಿನ ತಡೆಯಬಹುದು ಎಂಬುದನ್ನು ಮಾತ್ರ ವೈದ್ಯರಿಂದಲೇ ಕೇಳಿ ತಿಳಿದುಕೊಳ್ಳಬೇಕು.

ಅಳೆಯುವ ಕೋಲುಗಳು

ಆಯ್ಕೆಗಳನ್ನು ತೂಗುವ ಮೊದಲು ಯಾವುದರಿಂದ ತೂಗಬೇಕೆಂಬುದು ಗೊತ್ತಿರಬೇಕು. ಮೊದಲನೆಯದು ಬ್ಲಾಕ್ ಇರುವ ಜಾಗ. "ಎಷ್ಟು ಪರ್ಸೆಂಟ್" ಎಂದು ಎಲ್ಲರೂ ಕೇಳುತ್ತಾರೆ, "ಎಲ್ಲಿ" ಎಂದು ಕೇಳುವವರು ಕಡಿಮೆ. ಹೃದಯದ ಎಡಭಾಗಕ್ಕೆ ರಕ್ತ ಒಯ್ಯುವ ಮೂಲ ಕಾಂಡ, ಅಂದರೆ ಲೆಫ್ಟ್ ಮೇನ್, ಕಿರಿದಾಗಿದ್ದರೆ ಅದರ ತೂಕವೇ ಬೇರೆ. ಹೃದಯದ ಎದುರಿನ ಗೋಡೆಗೆ ಹೋಗುವ ರಕ್ತನಾಳವಾದ ಎಲ್‌ಎಡಿಯ ಆರಂಭದಲ್ಲಿ ಬ್ಲಾಕ್ ಇದ್ದರೆ ಒಂದು ತೂಕ. ತುದಿಯ ಸಣ್ಣ ಕವಲಿನಲ್ಲಿದ್ದರೆ ಮತ್ತೊಂದು. ಬ್ಲಾಕುಗಳ ಸಂಖ್ಯೆ, ಉದ್ದ, ತಿರುವು, ಸುಣ್ಣ ಕಟ್ಟಿದ ಪ್ರಮಾಣ, ಕವಲೊಡೆಯುವ ಜಾಗ ಇವೆಲ್ಲವನ್ನೂ ಸೇರಿಸಿ ಸಿಂಟ್ಯಾಕ್ಸ್ ಸ್ಕೋರ್ ಎಂಬ ಅಂಕ ಕೊಡುವ ಪದ್ಧತಿ ಇದೆ. 22ರವರೆಗೆ ಸರಳ, 23ರಿಂದ 32 ಮಧ್ಯಮ, 33 ಮತ್ತು ಅದಕ್ಕಿಂತ ಹೆಚ್ಚಾದರೆ ಜಟಿಲ. ಈ ಅಂಕವನ್ನು ಕೇಳಿ ಬರೆಸಿಕೊಳ್ಳಿ.

ಎರಡನೆಯದು ಸಕ್ಕರೆ ಕಾಯಿಲೆ, ಮೂರನೆಯದು ಹೃದಯದ ಪಂಪಿಂಗ್ ಶಕ್ತಿ, ಎಂದರೆ ಎಕೋ ವರದಿಯಲ್ಲಿ ಇಎಫ್ ಎಂದು ಬರೆದಿರುವ ಸಂಖ್ಯೆ. ನಾಲ್ಕನೆಯದು ಶಸ್ತ್ರಚಿಕಿತ್ಸೆಯನ್ನು ದೇಹ ತಾಳಬಲ್ಲದೇ ಎಂಬುದು: ವಯಸ್ಸು, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್, ಶ್ವಾಸಕೋಶ, ಹಿಂದೆ ಪಾರ್ಶ್ವವಾಯು ಆಗಿತ್ತೇ, ಕಾಲಿನ ಅಥವಾ ಕುತ್ತಿಗೆಯ ರಕ್ತನಾಳಗಳೂ ಕಿರಿದಾಗಿವೆಯೇ, ಇತ್ತೀಚೆಗೆ ಹೃದಯಾಘಾತವಾಗಿತ್ತೇ, ರೋಗಿ ತಾನೇ ನಡೆದಾಡುತ್ತಾರೆಯೇ. ಇವನ್ನು ತುಂಬಿದರೆ ಶೇಕಡಾವಾರು ಅಪಾಯ ಲೆಕ್ಕ ಹಾಕಿಕೊಡುವ ಎರಡು ಸಾಧನಗಳು ಬಳಕೆಯಲ್ಲಿವೆ. ಒಂದು ಅಮೆರಿಕದ ಎದೆ ಶಸ್ತ್ರಚಿಕಿತ್ಸಕರ ಸಂಘವಾದ ಎಸ್‌ಟಿಎಸ್ ರೂಪಿಸಿದ್ದು, ಇನ್ನೊಂದು 2010ರಲ್ಲಿ 43 ದೇಶಗಳ 22,000ಕ್ಕೂ ಹೆಚ್ಚು ರೋಗಿಗಳ ಮಾಹಿತಿಯಿಂದ ಕಟ್ಟಿದ ಯೂರೋಸ್ಕೋರ್ 2. ಐದನೆಯದು ವೈದ್ಯರ ಆ ಮರುಪ್ರಶ್ನೆ, ಎಂದರೆ ನಿಮಗೆ ಬೇಕಾದ ಕಾಲಾವಧಿ. ಕೊನೆಯದು ಹಣ, ರಜೆ, ಮತ್ತು ಮನೆಯಲ್ಲಿ ಎರಡು ತಿಂಗಳು ನೋಡಿಕೊಳ್ಳುವ ಕೈಗಳು. ಆಯ್ಕೆ ಎಷ್ಟೋ ಸಲ ಕೊನೆಗೆ ನಿರ್ಧಾರವಾಗುವುದು ಈ ಕೊನೆಯ ಕೋಲಿನಿಂದಲೇ, ಅದನ್ನು ಒಪ್ಪಿಕೊಳ್ಳಲು ಸಂಕೋಚ ಬೇಡ.

ರೋಗಿಗಳು ಬದಲಾದರು, ಫಲಿತಾಂಶವೂ ಬದಲಾಯಿತು

ಬೈಪಾಸ್ ಎಂದೊಡನೆ ಮನೆಯಲ್ಲಿ ಯಾರಾದರೂ ಒಬ್ಬರು ಮೂವತ್ತು ವರ್ಷಗಳ ಹಿಂದಿನ ಒಂದು ಸಾವನ್ನು ನೆನಪಿಸುತ್ತಾರೆ. ಆ ಭಯಕ್ಕೆ ಕಾರಣವಿತ್ತು, ಆದರೆ ಅದರ ಅಳತೆ ಈಗ ಬದಲಾಗಿದೆ. ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಜೋಡಿಸುವ ಪದ್ಧತಿಯನ್ನು ಅರ್ಜೆಂಟೀನಾದ ರೆನೆ ಫವಲೋರೊ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 1967ರಲ್ಲಿ ನೆಲೆಗೊಳಿಸಿದರು. ಭಾರತದ ಮೊದಲ ಬೈಪಾಸ್ 1975ರಲ್ಲಿ ಚೆನ್ನೈನ ಪೆರಂಬೂರಿನ ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ.ಎಂ. ಚೆರಿಯನ್ ಅವರ ಕೈಯಲ್ಲಿ ನಡೆಯಿತು. ಅದಾಗಿ ಎರಡೇ ವರ್ಷಕ್ಕೆ, 1977ರಲ್ಲಿ, ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಬಲೂನಿನಿಂದ ಬ್ಲಾಕ್ ಹಿಗ್ಗಿಸಿ ತೋರಿಸಿದರು. ಅಲ್ಲಿಂದ ಮುಂದೆ ಸುಲಭದ ರೋಗಿಗಳು, ಎಂದರೆ ವಯಸ್ಸು ಕಡಿಮೆ ಇದ್ದು ಒಂದೋ ಎರಡೋ ಬ್ಲಾಕ್ ಇರುವವರು, ನಿಧಾನವಾಗಿ ಬಲೂನು ಮತ್ತು ಸ್ಟೆಂಟಿನ ಕಡೆಗೆ ಹೋದರು. ಶಸ್ತ್ರಚಿಕಿತ್ಸಕರ ಮೇಜಿಗೆ ಬಂದವರು ಹೆಚ್ಚು ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಮೂರೂ ರಕ್ತನಾಳ ಹಾಳಾದವರು, ಈಗಾಗಲೇ ಸ್ಟೆಂಟ್ ಹಾಕಿಸಿಕೊಂಡು ಮತ್ತೆ ಕಟ್ಟಿಕೊಂಡವರು.

ಹಾಗಿದ್ದರೆ ಸಾವಿನ ಪ್ರಮಾಣ ಏರಬೇಕಿತ್ತು. ಆದದ್ದು ತಿರುಗುಮುರುಗು. ಎಸ್‌ಟಿಎಸ್ ದಾಖಲೆಗಳ ಪ್ರಕಾರ ಅಮೆರಿಕದಲ್ಲಿ ಬೈಪಾಸ್ ಮಾತ್ರ ಮಾಡಿಸಿಕೊಂಡವರಲ್ಲಿ, ಅವರ ವಯಸ್ಸು ಮತ್ತು ಕಾಯಿಲೆಗಳನ್ನು ನೋಡಿ ಲೆಕ್ಕ ಹಾಕಿದ ನಿರೀಕ್ಷಿತ ಸಾವಿನ ಪ್ರಮಾಣ 1990ರಲ್ಲಿ ಶೇ 2.6 ಇದ್ದದ್ದು 1999ಕ್ಕೆ ಶೇ 3.4ಕ್ಕೆ ಏರಿತು, ಅದೇ ಅವಧಿಯಲ್ಲಿ ನಿಜವಾಗಿ ಸಂಭವಿಸಿದ ಸಾವು ಶೇ 3.9ರಿಂದ ಶೇ 3.0ಕ್ಕೆ ಇಳಿಯಿತು. ಮುಂದಿನ ದಶಕದಲ್ಲಿ, 2000ದಿಂದ 2009ರೊಳಗೆ, ಶೇ 2.4 ಇದ್ದದ್ದು ಶೇ 1.9 ಆಯಿತು, ಶಸ್ತ್ರಚಿಕಿತ್ಸೆಯ ಬಳಿಕದ ಪಾರ್ಶ್ವವಾಯು ಶೇ 1.6ರಿಂದ ಶೇ 1.2ಕ್ಕೆ ತಗ್ಗಿತು. ಅಂದರೆ ಹೆಚ್ಚು ಕಾಯಿಲೆಯ ಜನ ಒಳಗೆ ಹೋಗಿ ಹೆಚ್ಚು ಜನ ಬದುಕಿ ಹೊರಗೆ ಬಂದರು. ಇದಕ್ಕೆ ಒಂದೇ ಕಾರಣ ಹುಡುಕುವುದು ತಪ್ಪಾಗುತ್ತದೆ. ಹೃದಯ ನಿಲ್ಲಿಸಿದಾಗ ಅದರ ಸ್ನಾಯುವನ್ನು ಕಾಪಾಡುವ ದ್ರಾವಣಗಳು ಸುಧಾರಿಸಿದವು, ಅರಿವಳಿಕೆ ಸುಧಾರಿಸಿತು, ಎದೆಗೂಡಿನ ಒಳಗೋಡೆಯ ಅಪಧಮನಿಯನ್ನು ಬಳಸುವವರು ಶೇ 88ರಿಂದ ಶೇ 95ಕ್ಕೆ ಏರಿದರು, ಐಸಿಯುನಲ್ಲಿ ಇನ್ಸುಲಿನ್ ಹನಿಸಿ ಸಕ್ಕರೆಯನ್ನು ಹತೋಟಿಯಲ್ಲಿಡುವುದು ರೂಢಿಯಾಯಿತು, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಎಲ್ಲರ ಚೀಟಿಗೂ ಬಂದವು.

ಈ ಅಂಕಿಗಳನ್ನು ನಮ್ಮ ಊರಿಗೆ ಹಾಗೆಯೇ ತಂದು ಅಂಟಿಸಲಾಗದು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇಗ ಬರುತ್ತದೆ. 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ನಮ್ಮವರ ಮಧ್ಯಾಂಕ ವಯಸ್ಸು 53, ಉಳಿದವರದ್ದು 59ರ ಸುಮಾರು. ವಯಸ್ಸು ಕಡಿಮೆ ಎಂಬುದು ಮೇಜಿನ ಮೇಲಿನ ಅಪಾಯವನ್ನು ಇಳಿಸುತ್ತದೆ, ಆದರೆ ಹಾಕಿದ ದುರಸ್ತಿ ಇನ್ನೂ ಇಪ್ಪತ್ತೈದು ವರ್ಷ ಬಾಳಬೇಕು ಎಂಬ ಹೊರೆಯನ್ನೂ ತರುತ್ತದೆ. ಐವತ್ತರ ರೋಗಿಯೂ ಎಪ್ಪತ್ತೈದರ ರೋಗಿಯೂ ಒಂದೇ ಆಂಜಿಯೋಗ್ರಾಂ ಚಿತ್ರ ಹಿಡಿದು ಬಂದರೆ ಉತ್ತರ ಒಂದೇ ಆಗಬೇಕಾಗಿಲ್ಲ.

ಮಾತ್ರೆಯ ದಾರಿ

ಇದನ್ನು "ಏನೂ ಮಾಡದೆ ಬಿಡುವುದು" ಎಂದು ತಿಳಿಯುವವರೇ ಹೆಚ್ಚು. ಆಸ್ಪಿರಿನ್, ಗಟ್ಟಿ ಪ್ರಮಾಣದ ಸ್ಟ್ಯಾಟಿನ್, ಎದೆನೋವಿಗೆ ಬೀಟಾ ಬ್ಲಾಕರ್ ಅಥವಾ ನೈಟ್ರೇಟ್, ಬಿಪಿ ಮತ್ತು ಸಕ್ಕರೆಯ ಹತೋಟಿ, ಬೀಡಿ ಸಿಗರೇಟನ್ನು ಪೂರ್ತಿ ಬಿಡುವುದು, ದಿನವೂ ನಡೆಯುವುದು, ಇಷ್ಟನ್ನೂ ತಪ್ಪದೆ ಮಾಡುವುದು ಒಂದು ಪೂರ್ಣ ಚಿಕಿತ್ಸೆ. 5,179 ರೋಗಿಗಳ ಇಸ್ಕೀಮಿಯಾ ಪ್ರಯೋಗದಲ್ಲಿ ಭಾರತದ ರೋಗಿಗಳೂ ಇದ್ದರು. ಸ್ಥಿರ ಎದೆನೋವಿನವರಲ್ಲಿ ಅರ್ಧದಷ್ಟು ಜನರನ್ನು ಮೊದಲೇ ಆಂಜಿಯೋಗ್ರಾಂ ಮಾಡಿ ಸ್ಟೆಂಟಿಗೋ ಬೈಪಾಸಿಗೋ ಕಳಿಸಲಾಯಿತು, ಉಳಿದವರನ್ನು ಮಾತ್ರೆಯ ಮೇಲಿಟ್ಟು ಅಗತ್ಯ ಬಿದ್ದಾಗ ಮಾತ್ರ ಕಳಿಸಲಾಯಿತು. ಸುಮಾರು ಮೂರು ವರ್ಷಗಳ ಬಳಿಕ ಮೊದಲ ಗುಂಪಿನಲ್ಲಿ 145 ಸಾವು, ಇನ್ನೊಂದರಲ್ಲಿ 144. ಎದೆನೋವು ಪದೇಪದೇ ಬರುತ್ತಿದ್ದವರಿಗೆ ಮಾತ್ರ ಮೊದಲ ಗುಂಪಿನಲ್ಲಿ ಹೆಚ್ಚು ನೆಮ್ಮದಿ ಸಿಕ್ಕಿತು.

ಆದರೆ ಆ ಪ್ರಯೋಗದ ಬಾಗಿಲಲ್ಲೇ ಹಿಂದಕ್ಕೆ ಕಳಿಸಿದವರು ಯಾರೆಂಬುದನ್ನು ಓದದೆ ಇದನ್ನು ಹಿಡಿದುಕೊಂಡು ವೈದ್ಯರೊಡನೆ ವಾದಕ್ಕೆ ಇಳಿಯಬಾರದು. ಲೆಫ್ಟ್ ಮೇನ್ ಕಿರಿದಾದವರು, ಇಎಫ್ 35ಕ್ಕಿಂತ ಕೆಳಗಿದ್ದವರು, ಹೊಸದಾಗಿ ಹೃದಯಾಘಾತವಾದವರು ಅದರಲ್ಲಿ ಇರಲಿಲ್ಲ. ಅಂಥವರಿಗೆ ಈ ಫಲಿತಾಂಶ ಅನ್ವಯಿಸದು. ಒಂದೋ ಎರಡೋ ಬ್ಲಾಕ್, ಒಳ್ಳೆಯ ಪಂಪಿಂಗ್, ವೇಗವಾಗಿ ನಡೆದಾಗ ಮಾತ್ರ ಕಾಣುವ ನೋವು, ಹಾಗೂ ಜೀವನಪೂರ್ತಿ ಮಾತ್ರೆ ನುಂಗುವ ಶಿಸ್ತು ಇರುವವರಿಗೆ ಇದು ಮೊದಲ ದಾರಿಯಾಗಬಹುದು. ಜನೌಷಧಿ ಅಂಗಡಿಯ ಬೆಲೆಯಲ್ಲಿ ಇದರಷ್ಟು ಅಗ್ಗದ ಚಿಕಿತ್ಸೆ ಮತ್ತೊಂದಿಲ್ಲ. ಶಿಸ್ತಿನ ವಿಷಯದಲ್ಲಿ ಮಾತ್ರ ನಾವು ನಮಗೇ ಸುಳ್ಳು ಹೇಳಿಕೊಳ್ಳುವುದು ಹೆಚ್ಚು. ಹಬ್ಬಕ್ಕೆ ಊರಿಗೆ ಹೋದಾಗ ಮಾತ್ರೆ ಡಬ್ಬಿ ಮನೆಯಲ್ಲೇ ಉಳಿಯುವವರು ಈ ದಾರಿಯನ್ನು ಎರಡು ಸಲ ಯೋಚಿಸಬೇಕು. ಅಂಥವರಿಗೆ ಸ್ಟೆಂಟ್ ಇನ್ನೂ ಅಪಾಯಕಾರಿ ಎಂಬುದು ಮುಂದೆ ತಿಳಿಯುತ್ತದೆ.

ಸ್ಟೆಂಟಿನ ದಾರಿ

ಸ್ಟೆಂಟಿನ ಆಕರ್ಷಣೆ ಅದರ ವೇಗ. ಮಣಿಕಟ್ಟಿನ ಅಥವಾ ತೊಡೆಯ ಸಣ್ಣ ರಂಧ್ರದಿಂದ ಕೆಲಸ ಮುಗಿಯುತ್ತದೆ, ಒಂದೆರಡು ದಿನದಲ್ಲಿ ಮನೆ, ಒಂದು ವಾರದಲ್ಲಿ ಬಹುಪಾಲು ಕಚೇರಿ ಕೆಲಸ. ದಿನಗೂಲಿಯವರಿಗೆ, ಆಟೋ ಓಡಿಸುವವರಿಗೆ, ಕೊಯ್ಲಿನ ಹೊತ್ತಿನ ರೈತರಿಗೆ ಇದು ಸಣ್ಣ ಮಾತಲ್ಲ. ಬೆಲೆಯೂ ಮೊದಲಿನಂತಿಲ್ಲ: 2017ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿತು, ಅದಕ್ಕೆ ಮುಂಚೆ ಅದೇ ವಸ್ತುವಿಗೆ ಲಕ್ಷ ದಾಟಿದ ಬಿಲ್ಲುಗಳಿದ್ದವು. ಮಿತಿ ಆಗಾಗ ಪರಿಷ್ಕರಣೆಯಾಗುತ್ತಿರುತ್ತದೆ. ಆದರೆ ಮಿತಿ ಇರುವುದು ಸ್ಟೆಂಟಿಗೆ ಮಾತ್ರ. ಬಲೂನು, ತಂತಿ, ಕೊಠಡಿ, ವೈದ್ಯರ ಶುಲ್ಕ ಬೇರೆ. ಮೂರು ನಾಲ್ಕು ಸ್ಟೆಂಟ್ ಬೇಕಾದಾಗ ಒಟ್ಟು ಬಿಲ್ಲು ಬೈಪಾಸಿನ ಬಳಿಗೇ ಬಂದು ನಿಲ್ಲುವುದುಂಟು. ಆಗ "ಅಗ್ಗ" ಎಂಬ ಕಾರಣ ಉಳಿಯುವುದಿಲ್ಲ.

ಸ್ಟೆಂಟ್ ಒಂದು ಜಾಗವನ್ನು ದುರಸ್ತಿ ಮಾಡುತ್ತದೆ. ಬೈಪಾಸ್ ಬ್ಲಾಕನ್ನು ಮುಟ್ಟದೆ, ಅದರ ಆಚೆಗಿನ ಒಳ್ಳೆಯ ಭಾಗಕ್ಕೆ ಹೊಸ ಕಾಲುವೆ ತೋಡುತ್ತದೆ. ಹೀಗಾಗಿ ಇಂದಿನ ಬ್ಲಾಕಿನ ಮೇಲೆ ಕೆಳಗೆ ನಾಳೆ ಹುಟ್ಟಬಹುದಾದ ಹೊಸ ಬ್ಲಾಕುಗಳನ್ನೂ ಅದು ದಾಟಿಸುತ್ತದೆ. ಇಡೀ ರಕ್ತನಾಳ ಉದ್ದಕ್ಕೂ ಕೆಡುತ್ತ ಹೋಗುವ ಸಕ್ಕರೆ ಕಾಯಿಲೆಯವರಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಒಂದಕ್ಕಿಂತ ಹೆಚ್ಚು ರಕ್ತನಾಳ ಕೆಟ್ಟ 1,900 ಸಕ್ಕರೆ ಕಾಯಿಲೆಯವರ ಫ್ರೀಡಂ ಪ್ರಯೋಗದಲ್ಲಿ ಐದು ವರ್ಷಗಳ ಹೊತ್ತಿಗೆ ಸ್ಟೆಂಟ್ ಗುಂಪಿನಲ್ಲಿ ಶೇ 16.3 ಜನ ತೀರಿಕೊಂಡಿದ್ದರು, ಬೈಪಾಸ್ ಗುಂಪಿನಲ್ಲಿ ಶೇ 10.9. ಪಾರ್ಶ್ವವಾಯುವಿನಲ್ಲಿ ಮಾತ್ರ ತಕ್ಕಡಿ ಸ್ಟೆಂಟಿನ ಕಡೆ ವಾಲಿತು: ಸ್ಟೆಂಟಿನಲ್ಲಿ ಶೇ 2.4, ಬೈಪಾಸಿನಲ್ಲಿ ಶೇ 5.2. ಈ ಎರಡು ಜೋಡಿ ಅಂಕಿಗಳನ್ನು ಒಟ್ಟಿಗೆ ಇಟ್ಟುಕೊಂಡು ಮನೆಯವರು ಮಾತಾಡಬೇಕು. ಮಾವ ಇದನ್ನು ಕೇಳಿ, "ಸತ್ತರೆ ಒಂದು ಲೆಕ್ಕ, ಮಾತು ಹೋಗಿ ಮಲಗಿದರೆ ಇನ್ನೊಂದು ಲೆಕ್ಕ" ಎಂದಿದ್ದರು. ಅವರ ಮಟ್ಟಿಗೆ ಅದು ಸರಿಯಾದ ಚಿಂತೆಯೇ. ಆದ್ದರಿಂದಲೇ ಕುತ್ತಿಗೆಯ ರಕ್ತನಾಳಗಳ ಡಾಪ್ಲರ್ ಸ್ಕ್ಯಾನ್ ಮಾಡಿಸಿ, ಆ ಅಪಾಯ ಅವರಲ್ಲಿ ಎಷ್ಟಿದೆ ಎಂದು ನೋಡಿದ ಮೇಲೆಯೇ ಅವರು ಬೈಪಾಸಿನ ತೀರ್ಮಾನಕ್ಕೆ ಬಂದರು.

ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಮೂರು ರಕ್ತನಾಳ ಕೆಟ್ಟಿದ್ದರೆ ತಕ್ಕಡಿ ಬೈಪಾಸಿನ ಕಡೆಗೇ ಇದೆ. ಸಿಂಟ್ಯಾಕ್ಸ್ ಪ್ರಯೋಗದ 1,800 ರೋಗಿಗಳನ್ನು ಹತ್ತು ವರ್ಷ ಹಿಂಬಾಲಿಸಿದಾಗ, ಮೂರು ರಕ್ತನಾಳದವರಲ್ಲಿ ಸ್ಟೆಂಟ್ ಪಡೆದವರ ಸಾವು ಶೇ 28, ಬೈಪಾಸ್ ಪಡೆದವರದ್ದು ಶೇ 21. ಆದರೆ ಲೆಫ್ಟ್ ಮೇನ್ ರೋಗಿಗಳಲ್ಲಿ ಶೇ 26 ಮತ್ತು ಶೇ 28, ಎಂದರೆ ಬಹುತೇಕ ಸಮ. ಆ ಪ್ರಯೋಗದ ಸ್ಟೆಂಟುಗಳು ಹಳೆಯ ತಲೆಮಾರಿನವು ಎಂಬ ಆಕ್ಷೇಪಕ್ಕೆ ಉತ್ತರವಾಗಿ, ಹೊಸ ಸ್ಟೆಂಟುಗಳನ್ನೂ ಒತ್ತಡ ಅಳೆಯುವ ತಂತಿಯನ್ನೂ ಬಳಸಿ ಫೇಮ್ 3 ಪ್ರಯೋಗ ನಡೆಯಿತು. ಅದರಲ್ಲೂ ಒಂದು ವರ್ಷದಲ್ಲಿ ಸಾವು, ಹೃದಯಾಘಾತ, ಪಾರ್ಶ್ವವಾಯು, ಮರುಚಿಕಿತ್ಸೆ ಇವುಗಳ ಒಟ್ಟು ಪ್ರಮಾಣ ಸ್ಟೆಂಟಿನಲ್ಲಿ ಶೇ 10.6, ಬೈಪಾಸಿನಲ್ಲಿ ಶೇ 6.9 ಬಂತು.

ಲೆಫ್ಟ್ ಮೇನ್ ಬಗ್ಗೆ ತಜ್ಞರಲ್ಲೇ ಜಗಳವಿದೆ. ಎಕ್ಸೆಲ್ ಪ್ರಯೋಗದ ಐದು ವರ್ಷದ ಫಲಿತಾಂಶದಲ್ಲಿ ಒಟ್ಟು ಲೆಕ್ಕ ಸಮಸಮ ಎಂದು ವರದಿಯಾಯಿತು, ಸಾವು ಮಾತ್ರ ಸ್ಟೆಂಟಿನಲ್ಲಿ ಶೇ 13.0, ಬೈಪಾಸಿನಲ್ಲಿ ಶೇ 9.9 ಇತ್ತು, 2019ರ ಕೊನೆಗೆ ಯೂರೋಪಿನ ಹೃದಯ ಶಸ್ತ್ರಚಿಕಿತ್ಸಕರ ಸಂಘ ಲೆಫ್ಟ್ ಮೇನ್ ಕುರಿತ ಮಾರ್ಗಸೂಚಿಗೆ ಕೊಟ್ಟಿದ್ದ ಬೆಂಬಲವನ್ನೇ ಹಿಂತೆಗೆದುಕೊಂಡಿತು. ಹೀಗಾಗಿ ಲೆಫ್ಟ್ ಮೇನ್ ರೋಗಿ ಒಬ್ಬ ಕಾರ್ಡಿಯಾಲಜಿಸ್ಟ್ ಮತ್ತು ಒಬ್ಬ ಶಸ್ತ್ರಚಿಕಿತ್ಸಕ ಇಬ್ಬರ ಮಾತನ್ನೂ ಕೇಳದೆ ಸಹಿ ಹಾಕಬಾರದು ಎಂಬುದು ನನ್ನ ಅಭಿಪ್ರಾಯ.

ಇನ್ನು ಮಾತ್ರೆಯ ಶಿಸ್ತು. ಸ್ಟೆಂಟ್ ಹಾಕಿದ ಮೇಲೆ ಆಸ್ಪಿರಿನ್ ಜೊತೆಗೆ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಮಾತ್ರೆಯಾದ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್ ಸೇರಿಸಿ, ಸ್ಥಿರ ಕಾಯಿಲೆಯಲ್ಲಿ ಸಾಮಾನ್ಯವಾಗಿ ಆರು ತಿಂಗಳು, ಹೃದಯಾಘಾತದ ನಂತರವಾದರೆ ಒಂದು ವರ್ಷ ನಡೆಸಬೇಕು. ನಡುವೆ ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ದಿಢೀರ್ ಹೃದಯಾಘಾತವಾಗಬಹುದು. ಬರುವ ತಿಂಗಳು ಹರ್ನಿಯಾದ್ದೋ ಪಿತ್ತಕೋಶದ್ದೋ ಆಪರೇಷನ್ ಇದೆ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತಿದೆ ಎಂಬಂಥ ವಿಷಯಗಳನ್ನು ಮೊದಲೇ ಹೇಳಬೇಕಾದದ್ದು ಇದಕ್ಕಾಗಿ.

ಬೈಪಾಸಿನ ದಾರಿ, ಅದರೊಳಗಿನ ಕವಲುಗಳು

ಬೈಪಾಸ್ ತನ್ನ ಬೆಲೆಯನ್ನು ಮೊದಲೇ ವಸೂಲು ಮಾಡಿಕೊಳ್ಳುತ್ತದೆ, ಲಾಭವನ್ನು ನಿಧಾನವಾಗಿ ಕೊಡುತ್ತದೆ. ಇದಕ್ಕೆ ಪಂಪಿಂಗ್ ಕುಸಿದವರ ಸ್ಟಿಚ್ ಪ್ರಯೋಗದಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಇಎಫ್ 35 ಅಥವಾ ಅದಕ್ಕಿಂತ ಕಡಿಮೆ ಇದ್ದ 1,212 ಜನರಲ್ಲಿ, ಶುರುವಿನಲ್ಲಿ ಶಸ್ತ್ರಚಿಕಿತ್ಸೆಯ ಗುಂಪಿನಲ್ಲೇ ಹೆಚ್ಚು ಸಾವಾದವು. ಸುಮಾರು ಎರಡು ವರ್ಷದ ಹೊತ್ತಿಗೆ ಗೆರೆಗಳು ಒಂದನ್ನೊಂದು ದಾಟಿದವು. ಹತ್ತು ವರ್ಷಕ್ಕೆ ಬೈಪಾಸ್ ಪಡೆದವರಲ್ಲಿ ಶೇ 58.9, ಮಾತ್ರೆ ಮಾತ್ರ ಪಡೆದವರಲ್ಲಿ ಶೇ 66.1 ಜನ ತೀರಿಕೊಂಡಿದ್ದರು. ಇಂಥದ್ದೇ ದುರ್ಬಲ ಹೃದಯದವರಿಗೆ ಸ್ಟೆಂಟ್ ಹಾಕಿ ನೋಡಿದ ರಿವೈವ್ಡ್ ಪ್ರಯೋಗದಲ್ಲಿ, 700 ರೋಗಿಗಳಲ್ಲಿ, ಮಾತ್ರೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಆದ್ದರಿಂದ "ಪಂಪಿಂಗ್ ಕಡಿಮೆ ಇದೆ, ಬೈಪಾಸ್ ತಾಳಲಾರರು" ಎಂಬ ಮಾತನ್ನು ಕೇಳಿದಾಗ, ಎಷ್ಟು ಕಡಿಮೆ, ವಯಸ್ಸೆಷ್ಟು, ಕಿಡ್ನಿ ಹೇಗಿದೆ ಎಂದು ಮುಂದಿನ ಪ್ರಶ್ನೆ ಕೇಳಬೇಕು. ಐವತ್ತೈದರವರಿಗೆ ಇಎಫ್ 30 ಎಂಬುದು ಬೈಪಾಸ್ ಬೇಡ ಎನ್ನುವ ಕಾರಣಕ್ಕಿಂತ ಬೇಕು ಎನ್ನುವ ಕಾರಣವಾಗಿರುವ ಸಂಭವವೇ ಹೆಚ್ಚು. ಎಪ್ಪತ್ತೆಂಟು ದಾಟಿ, ಕ್ರಿಯಾಟಿನಿನ್ ಏರಿ, ಗೋಡೆ ಹಿಡಿದು ನಡೆಯುವವರಿಗೆ ಆ ಎರಡು ವರ್ಷದ ಮುಂಗಡವನ್ನು ಕೊಡುವುದು ಕಷ್ಟ.

ಬೈಪಾಸ್ ಎಂಬುದೂ ಒಂದೇ ವಸ್ತುವಲ್ಲ. ನಮ್ಮಲ್ಲಿ ಎಲ್ಲರೂ "ಕಾಲಿನ ನರ ತೆಗೆದು ಹಾಕುತ್ತಾರೆ" ಎನ್ನುತ್ತಾರೆ. ಅದು ನರವಲ್ಲ, ಅಶುದ್ಧ ರಕ್ತ ಒಯ್ಯುವ ಅಭಿಧಮನಿ. ಕಡಿಮೆ ಒತ್ತಡಕ್ಕೆ ಹುಟ್ಟಿದ ಆ ಕೊಳವೆಯನ್ನು ಹೃದಯದ ಒತ್ತಡಕ್ಕೆ ಜೋಡಿಸಿದರೆ ಹತ್ತು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮುಚ್ಚಿಹೋಗುತ್ತವೆ. ಎದೆಯ ಎಡ ಒಳಗೋಡೆಯ ಅಪಧಮನಿ, ಆಸ್ಪತ್ರೆಯವರ ಮಾತಿನಲ್ಲಿ ಲೀಮಾ, ಎಲ್‌ಎಡಿಗೆ ಜೋಡಿಸಿದರೆ ಹತ್ತು ವರ್ಷಕ್ಕೂ ಹತ್ತರಲ್ಲಿ ಒಂಬತ್ತು ತೆರೆದೇ ಇರುತ್ತವೆ. ಆದ್ದರಿಂದ ಶಸ್ತ್ರಚಿಕಿತ್ಸಕರನ್ನು ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ಗ್ರಾಫ್ಟ್" (ಎಷ್ಟು ಹೊಸ ಜೋಡಣೆ) ಎಂಬುದಕ್ಕಿಂತ "ಲೀಮಾ ಹಾಕುತ್ತೀರಲ್ಲವೇ, ಉಳಿದವಕ್ಕೆ ಏನು ಬಳಸುತ್ತೀರಿ" ಎಂಬುದು. ವಯಸ್ಸು ಕಡಿಮೆ ಇದ್ದರೆ ಮುಂಗೈಯ ಅಪಧಮನಿಯನ್ನು ಎರಡನೆಯದಾಗಿ ಬಳಸುವುದು ಕಾಲಿನದಕ್ಕಿಂತ ಬಾಳಿಕೆಯಲ್ಲಿ ಮೇಲು. ಎದೆಯ ಎರಡೂ ಬದಿಯ ಅಪಧಮನಿ ತೆಗೆಯುವುದು ಇನ್ನೂ ಒಳ್ಳೆಯದೇ ಎಂಬುದಕ್ಕೆ 3,102 ರೋಗಿಗಳ ಆರ್ಟ್ ಪ್ರಯೋಗದಲ್ಲಿ ಹತ್ತು ವರ್ಷಕ್ಕೂ ಸ್ಪಷ್ಟ ಪುರಾವೆ ಸಿಗಲಿಲ್ಲ. ಅದರ ಮೇಲೆ ಸಕ್ಕರೆ ಹತೋಟಿ ಇಲ್ಲದ ದಪ್ಪ ಮೈಯವರಲ್ಲಿ ಎದೆಮೂಳೆ ಕೂಡದೆ ಸೋಂಕಾಗುವ ಭಯವಿದೆ.

ಹೃದಯ ನಿಲ್ಲಿಸಿ, ರಕ್ತ ಹರಿಸುವ ಯಂತ್ರದ ಮೇಲೆ ಮಾಡುವುದೋ, ಬಡಿಯುವ ಹೃದಯದ ಮೇಲೆಯೇ ಮಾಡುವುದೋ ಎಂಬ ಕವಲಿನ ಬಗ್ಗೆ ಜಾಹೀರಾತುಗಳು ಬೇಕಾದಷ್ಟು ಮಾತಾಡುತ್ತವೆ. ಭಾರತದ ಆಸ್ಪತ್ರೆಗಳೂ ಭಾಗವಹಿಸಿದ್ದ, 4,752 ರೋಗಿಗಳ ಕರೋನರಿ ಪ್ರಯೋಗದಲ್ಲಿ ಐದು ವರ್ಷಕ್ಕೆ ಎರಡೂ ಸಮವಾಗಿ ನಿಂತವು. ಅಮೆರಿಕದ ನಿವೃತ್ತ ಸೈನಿಕರ ರೂಬಿ ಪ್ರಯೋಗದಲ್ಲಿ ಬಡಿಯುವ ಹೃದಯದ ಗುಂಪಿನಲ್ಲೇ ಸಾವು ಹೆಚ್ಚಿತ್ತು, ಶೇ 15.2ಕ್ಕೆ ಎದುರಾಗಿ ಶೇ 11.9. ಮಹಾಧಮನಿಯಲ್ಲಿ ಸುಣ್ಣ ಕಟ್ಟಿದವರಿಗೆ ಯಂತ್ರ ಜೋಡಿಸದಿರುವುದು ಉಪಯುಕ್ತ. ಉಳಿದವರು ತಮ್ಮ ಶಸ್ತ್ರಚಿಕಿತ್ಸಕರಿಗೆ ಯಾವುದು ದಿನನಿತ್ಯದ ಅಭ್ಯಾಸವೋ ಅದನ್ನೇ ಮಾಡಿಸಿಕೊಳ್ಳುವುದು ಲೇಸು.

ಚೇತರಿಕೆಯನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಮಾವ ಒಂದೆರಡು ದಿನ ಐಸಿಯುನಲ್ಲಿದ್ದರು, ವಾರದೊಳಗೆ ಮನೆಗೆ ಬಂದರು. ಎದೆಗಿಂತ ಹೆಚ್ಚು ಕಾಡಿದ್ದು ಕಾಲಿನ ಗಾಯ. ಬಿಗಿಯಾದ ಕಾಲುಚೀಲ ಹಾಕಿಸುವುದೇ ಅತ್ತೆಗೆ ದಿನದ ಮೊದಲ ಕೆಲಸವಾಗಿತ್ತು. ಕೆಮ್ಮು ಬಂದಾಗ ಎದೆಗೆ ದಿಂಬು ಅವುಚಿಕೊಳ್ಳಬೇಕು, ಮೂರು ಬಣ್ಣದ ಚೆಂಡುಗಳ ಪುಟ್ಟ ಪ್ಲಾಸ್ಟಿಕ್ ಸಾಧನವನ್ನು ಗಂಟೆಗೊಮ್ಮೆ ಉಸಿರೆಳೆದು ಮೇಲಕ್ಕೆತ್ತಬೇಕು, ಎರಡು ತಿಂಗಳು ಮಗ್ಗುಲಾಗಿ ಮಲಗುವಂತಿಲ್ಲ ಎಂದು ಹೇಳಿದ್ದರು. ಮೂರನೆಯ ದಿನ ಅವರ ನಾಡಿ ಅಡ್ಡಾದಿಡ್ಡಿಯಾಗಿ ಓಡಿತು. ಬೈಪಾಸ್ ಆದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೀಗಾಗುತ್ತದೆ, ಬಹುಪಾಲು ಔಷಧಿಗೆ ಸರಿಹೋಗುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ನಾವು ಆ ರಾತ್ರಿ ಅಷ್ಟು ಹೆದರುತ್ತಿರಲಿಲ್ಲ. ಎದೆಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಸ್ಕೂಟರ್ ಇಲ್ಲ, ಕೊಡ ಎತ್ತುವುದಿಲ್ಲ. ಭಾರ ಹೊರುವ ಕೆಲಸದವರು ಮೂರು ತಿಂಗಳ ಕೂಲಿಯನ್ನು ಖರ್ಚಿನ ಪಟ್ಟಿಯಲ್ಲೇ ಸೇರಿಸಿಕೊಳ್ಳಬೇಕು.

ಅಪಾಯ ಕಲ್ಲಿನ ಮೇಲೆ ಕೊರೆದದ್ದಲ್ಲ

ಸ್ಕೋರಿನಲ್ಲಿ ಬಂದ ಶೇಕಡಾವಾರು ಹಣೆಬರಹವಲ್ಲ. ಕಾಯಲು ಅವಕಾಶವಿರುವವರು ಎರಡು ಮೂರು ವಾರದಲ್ಲಿ ಅದರ ಕೆಲವು ಅಂಶಗಳನ್ನು ತಾವೇ ಸರಿಪಡಿಸಿಕೊಳ್ಳಬಹುದು. ಸಿಗರೇಟು ನಿಲ್ಲಿಸುವುದು, ಹಲ್ಲಿನ ಸೋಂಕು ತೆಗೆಸುವುದು, ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಕಾರಣ ಹುಡುಕಿ ಏರಿಸುವುದು, ಸಕ್ಕರೆ ಇಳಿಸುವುದು, ಉಸಿರಾಟದ ಅಭ್ಯಾಸವನ್ನು ಮುಂಚಿತವಾಗಿಯೇ ಕಲಿಯುವುದು, ಆಂಜಿಯೋಗ್ರಾಂ ಬಣ್ಣದಿಂದ ಏರಿದ ಕ್ರಿಯಾಟಿನಿನ್ ಇಳಿಯುವವರೆಗೆ ತಡೆಯುವುದು, ಇವೆಲ್ಲ ಶಸ್ತ್ರಚಿಕಿತ್ಸಕರ ಕೌಶಲದಷ್ಟೇ ಫಲ ಕೊಡುವ ಸಂಗತಿಗಳು. ಮಹಿಳೆಯರಲ್ಲಿ ಬೈಪಾಸಿನ ಅಪಾಯ ಪುರುಷರಿಗಿಂತ ಹೆಚ್ಚೇ ಇರುತ್ತದೆ. ರಕ್ತನಾಳ ಸಣ್ಣದು ಎಂಬುದು ಒಂದು ಕಾರಣ, ತಡವಾಗಿ ಬರುವುದು ಇನ್ನೊಂದು. "ಗ್ಯಾಸ್ ಇರಬೇಕು" ಎಂದು ಮನೆಯಲ್ಲೇ ವರ್ಷ ತಳ್ಳಿದ ಅಮ್ಮಂದಿರ ಎರಡನೆಯ ಕಾರಣವನ್ನಾದರೂ ನಾವು ತಪ್ಪಿಸಬಹುದು.

ಆಸ್ಪತ್ರೆ ಮತ್ತು ಹಣ

ಆಸ್ಪತ್ರೆಗಳ ಸಾವಿನ ಪ್ರಮಾಣವನ್ನು ಹೋಲಿಸಲು ಹೊರಡುವವರು ನ್ಯೂಯಾರ್ಕ್ ರಾಜ್ಯದ ಅನುಭವ ತಿಳಿದಿರಬೇಕು. 1989ರಿಂದ ಅಲ್ಲಿ ಬೈಪಾಸ್ ಮಾಡುವ ಪ್ರತಿ ಆಸ್ಪತ್ರೆಯ ಮಾಹಿತಿ ಕಲೆಹಾಕಿ, ರೋಗಿಗಳ ಅಪಾಯಕ್ಕೆ ತಕ್ಕಂತೆ ಸರಿಹೊಂದಿಸಿ ಪ್ರಕಟಿಸತೊಡಗಿದರು. 1992ರ ಹೊತ್ತಿಗೆ ಸರಿಹೊಂದಿಸಿದ ಸಾವಿನ ಪ್ರಮಾಣ ಶೇ 4.17ರಿಂದ ಶೇ 2.45ಕ್ಕೆ ಇಳಿಯಿತು. ಅದರ ಜೊತೆಗೇ, ಹೆಸರು ಕೆಡುವ ಭಯಕ್ಕೆ ಕೆಲವರು ಕಷ್ಟದ ರೋಗಿಗಳನ್ನು ತಿರಸ್ಕರಿಸುತ್ತಿದ್ದಾರೆ ಎಂಬ ದೂರೂ ಎದ್ದಿತು. ನಮ್ಮಲ್ಲಿ ಅಂಥ ಸಾರ್ವಜನಿಕ ಪಟ್ಟಿ ಇಲ್ಲ. ಇರುವಷ್ಟರಲ್ಲಿ ಕೇಳಬೇಕಾದ್ದು "ನಿಮ್ಮ ಸಕ್ಸೆಸ್ ರೇಟ್ ಎಷ್ಟು" ಎಂದಲ್ಲ. "ಇವರಂಥ ರೋಗಿಗೆ, ಈ ವಯಸ್ಸು ಈ ಕಿಡ್ನಿ ಈ ಇಎಫ್ ಇರುವವರಿಗೆ, ಅಪಾಯ ಎಷ್ಟು ಎಂದು ಲೆಕ್ಕ ಹಾಕಿದ್ದೀರಿ" ಎಂದು. ಎಲ್ಲರಿಗೂ ಶೇ 99 ಎಂದು ಹೇಳುವ ಕಡೆ ನಾನಾದರೆ ಎರಡನೆಯ ಅಭಿಪ್ರಾಯಕ್ಕೆ ಹೋಗುತ್ತೇನೆ.

ಹಣದ ಮಾತು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ಅದನ್ನು ಮರೆತು ನೇರವಾಗಿ ದಾಖಲಾದವರು ಬಿಲ್ಲಿನ ಕಿಟಕಿಯಲ್ಲಿ ಪೇಚಾಡುತ್ತಾರೆ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ನೋಂದಣಿಯನ್ನು ನೋಡಿಕೊಳ್ಳಬಹುದು. ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಮೂರು ದಾರಿಗಳೂ ಒಂದೇ ಸೂರಿನಡಿ ಸಿಗುತ್ತವೆ. ಜನಜಂಗುಳಿ ಮತ್ತು ಕಾಯುವಿಕೆ ಅದರ ಬೆಲೆ. ಖಾಸಗಿ ವಿಮೆ ಇದ್ದವರು ಕೊಠಡಿ ಬಾಡಿಗೆಯ ಮಿತಿಯನ್ನು ಮೊದಲು ಓದಬೇಕು. ಮಿತಿ ದಾಟಿದ ಕೊಠಡಿ ಹಿಡಿದರೆ ಶಸ್ತ್ರಚಿಕಿತ್ಸೆಯ ಬಿಲ್ಲನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುವ ಷರತ್ತು ಅನೇಕ ಪಾಲಿಸಿಗಳಲ್ಲಿದೆ. ಪ್ಯಾಕೇಜ್ ಎಂದು ಹೇಳಿದಾಗ ಅದರಲ್ಲಿ ಎಷ್ಟು ದಿನದ ಐಸಿಯು ಸೇರಿದೆ, ರಕ್ತ ಎಷ್ಟು ಯೂನಿಟ್ ಹೊಂದಿಸಬೇಕು, ಒಂದು ದಿನ ಹೆಚ್ಚಾದರೆ ಎಷ್ಟು ಎಂದು ಬರೆಸಿಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು? ನಲವತ್ತೆಂಟರ ಆಟೋ ಚಾಲಕರಿಗೆ ಸಕ್ಕರೆ ಇಲ್ಲ, ಬಲಗಡೆಯ ರಕ್ತನಾಳದಲ್ಲಿ ಒಂದೇ ಬ್ಲಾಕ್, ಮಾತ್ರೆ ತಿಂದರೂ ಎದೆನೋವು ಎಂದಾದರೆ ಸ್ಟೆಂಟ್ ಸಾಕು. ಅದೇ ವ್ಯಕ್ತಿಗೆ ನೋವೇ ಇಲ್ಲ, ಆರೋಗ್ಯ ತಪಾಸಣೆಯಲ್ಲಿ ಆಕಸ್ಮಿಕವಾಗಿ ಸಿಕ್ಕಿದ್ದಾದರೆ ಮಾತ್ರೆಯಿಂದ ಶುರುಮಾಡಬಹುದು. ಅರವತ್ತರ ಆಸುಪಾಸಿನವರು, ಹದಿನೈದು ವರ್ಷದ ಸಕ್ಕರೆ, ಮೂರು ರಕ್ತನಾಳ, ಕಿಡ್ನಿ ಚೆನ್ನಾಗಿದೆ ಎಂದರೆ ಬೈಪಾಸನ್ನು ತಳ್ಳಿಹಾಕಲು ಬಲವಾದ ಕಾರಣ ಬೇಕು. "ಎದೆ ಕೊಯ್ಯಿಸುವುದು ಬೇಡ" ಎಂಬುದು ಅಂಥ ಕಾರಣವಲ್ಲ. ಎಂಬತ್ತರ ಹತ್ತಿರದವರಿಗೆ ಹತ್ತು ವರ್ಷದ ಗೆರೆಗಿಂತ ನಾಳೆ ದೇವಸ್ಥಾನದವರೆಗೆ ನೋವಿಲ್ಲದೆ ನಡೆಯುವುದು ಮುಖ್ಯವಾಗಿರಬಹುದು. ಅವರಿಗೆ ನೋವು ಕೊಡುತ್ತಿರುವ ಒಂದು ರಕ್ತನಾಳಕ್ಕಷ್ಟೇ ಸ್ಟೆಂಟ್ ಹಾಕಿ, ಉಳಿದದ್ದನ್ನು ಮಾತ್ರೆಗೆ ಬಿಡುವುದು ವೈದ್ಯರೂ ಒಪ್ಪುವ ದಾರಿ.

ಆಂಜಿಯೋಗ್ರಾಂಗೆ ಹೋಗುವ ಮುನ್ನವೇ ಮನೆಯವರು ಒಂದು ಮಾತಿಗೆ ಬಂದಿರಬೇಕು: ಲೆಫ್ಟ್ ಮೇನ್ ಅಥವಾ ಮೂರು ರಕ್ತನಾಳ ಕಂಡುಬಂದು, ತುರ್ತು ಇಲ್ಲದಿದ್ದರೆ, ಅದೇ ಮೇಜಿನ ಮೇಲೆ ಸ್ಟೆಂಟ್ ಬೇಡ, ಹೊರಗೆ ಬಂದು ಮಾತಾಡೋಣ ಎಂದು ವೈದ್ಯರಿಗೆ ಮೊದಲೇ ಹೇಳಿಡಬೇಕು. ಎರಡನೆಯ ಅಭಿಪ್ರಾಯಕ್ಕೆ ಹೋಗುವಾಗ ವರದಿಯ ಕಾಗದ ಸಾಲದು, ಸಿಡಿಯನ್ನೇ ಒಯ್ಯಿರಿ. ಬ್ಲಾಕಿನ ಆಚೆ ಹೊಲಿಗೆ ಹಾಕುವಷ್ಟು ಒಳ್ಳೆಯ ರಕ್ತನಾಳ ಉಳಿದಿದೆಯೇ ಎಂಬುದನ್ನು ಶಸ್ತ್ರಚಿಕಿತ್ಸಕರು ಚಲಿಸುವ ಚಿತ್ರದಲ್ಲಿ ಮಾತ್ರ ನೋಡಬಲ್ಲರು. ಬೈಪಾಸ್ ಎಂದು ತೀರ್ಮಾನವಾದರೆ ಕ್ಲೋಪಿಡೋಗ್ರೆಲ್ ಮಾತ್ರೆಯನ್ನು ಸಾಮಾನ್ಯವಾಗಿ ಐದು ದಿನ ಮೊದಲು ನಿಲ್ಲಿಸಿ ಆಸ್ಪಿರಿನ್ ಮುಂದುವರಿಸುತ್ತಾರೆ. ಆ ದಿನಾಂಕವನ್ನು ಚೀಟಿಯ ಮೇಲೆ ವೈದ್ಯರಿಂದಲೇ ಬರೆಸಿಕೊಳ್ಳಿ, ನೀವಾಗಿಯೇ ಲೆಕ್ಕ ಹಾಕಿ ನಿಲ್ಲಿಸಬೇಡಿ.